ಆತಂಕ, ಧ್ಯಾನ ಮತ್ತು ಫಾಸ್ಟ್ ಲೋಕಲ್

ಮುಂಬಯಿಗೆ ವರ್ಗವಾಗಿ ಬಂದ ಹೊಸತರಲ್ಲಿ, ಮಗಳ ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನ, ಕಚೇರಿಯ ಹಿಂದಿ ಭಾಷಿಕ ಸಹೋದ್ಯೋಗಿಯೊಬ್ಬರ ಮುಂದೆ ‘ಬಹುತ್ ಆತಂಕ್ ಹೈ’ ಎಂದು ಹೇಳಿ ಅವರನ್ನು ಬೆಚ್ಚಿಬೀಳಿಸಿದ್ದೆವು. ಕನ್ನಡದಲ್ಲಿ ಆತಂಕವೆಂದರೆ ಕಳವಳ. ‘ಅಡ್ಡಿ ಆತಂಕ’ ಎಂಬ ಜೋಡುನುಡಿಯಲ್ಲಿ ಅದಕ್ಕೆ ತಡೆಯೆಂಬ ಅರ್ಥವೂ ಉಂಟು. ಹಿಂದಿಯಲ್ಲಾದರೋ ಅದೇ ಪದ ಬಾಂಬು ಬಂದೂಕುಗಳ ಜೊತೆಗೆ ಓಡಾಡುತ್ತದೆ. ಆ ಸಹೋದ್ಯೋಗಿ ಕಿಟಕಿಯ ಕಡೆ ಒಮ್ಮೆ ನೋಡಿ, ಅನಂತರವೇ ನಮ್ಮ ಮುಖ ನೋಡಿದರು.

ಇಂಥದೇ ಇನ್ನೊಂದು ಪದ ಧ್ಯಾನ. ಊರಿನಲ್ಲಿ ‘ಏನು ಧ್ಯಾನದಲ್ಲಿದ್ದೀಯೋ?’ ಎಂದು ಕೇಳಿದರೆ ಮನಸ್ಸು ಇಲ್ಲಿಲ್ಲ, ಎಲ್ಲೋ ಅಲೆಯುತ್ತಿದೆ ಎಂದು ಭಾವ. ಇಲ್ಲಿಯ ರೈಲು ನಿಲ್ದಾಣಗಳಲ್ಲಿ ದಿನಕ್ಕೆ ನೂರು ಬಾರಿ ಕೇಳಿಬರುವ ‘ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ’ ಎಂಬ ಘೋಷಣೆಯಲ್ಲಿ ಧ್ಯಾನವೆಂದರೆ ತದ್ವಿರುದ್ಧ: ಇಲ್ಲಿರಿ, ಕಿವಿಗೊಡಿ, ಗಾಡಿ ಯಾವ ಪ್ಲಾಟ್‌ಫಾರಮಿಗೆ ಬರುತ್ತಿದೆ ಎಂಬುದನ್ನು ಗಮನಿಸಿ. ಈ ಎರಡನೆಯ ಅರ್ಥವೇ ನಮ್ಮಂಥವರಿಗೆ ಹೆಚ್ಚು ಉಪಯುಕ್ತವೆಂಬುದು ಮನದಟ್ಟಾಗಲು ಸುಮಾರು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳ ನಿಮಿತ್ತವಾಗಿ ಕೆಲವು ಅಭಿಪ್ರಾಯಗಳನ್ನು ಇಲ್ಲಿ ದಾಖಲಿಸಬೇಕೆನಿಸಿದೆ.

ಬರೆಯುವವರು ಒಬ್ಬರೇ ಆದರೂ ‘ನಾವು’ ಎಂದೇ ಬರೆಯುತ್ತಿದ್ದೇವೆ. ಸರ್ಕಾರಿ ಟಿಪ್ಪಣಿಗಳಲ್ಲಿ ಉತ್ತಮ ಪುರುಷ ಏಕವಚನಕ್ಕೆ ಸ್ಥಾನವಿಲ್ಲದಿರುವುದು ಒಂದು ಕಾರಣ. ಈ ಸಂಗತಿಯನ್ನು ‘ನಾನು’ ಎಂದು ಹೇಳಿಕೊಳ್ಳಲು ಇನ್ನೂ ಅಳುಕಿರುವುದು ಇನ್ನೊಂದು ಕಾರಣ. ಆದರೆ ನಮ್ಮ ಓದು ಕೂಟದಲ್ಲಿ ಒಮ್ಮೆ ಮಾತು ಹೊರಬಿದ್ದ ಮೇಲೆ, ಸುತ್ತ ಕುಳಿತಿದ್ದ ಹನ್ನೊಂದು ಜನರಲ್ಲಿ ನಾಲ್ವರು ತಮ್ಮದೂ ಇದೇ ಕಥೆಯೆಂದಾಗ ಬಹುವಚನಕ್ಕೆ ನಿಜವಾದ ಆಧಾರವೇ ದೊರೆಯಿತು.

ನಮ್ಮ ಕಥೆ ಹೀಗೆ. ಡೊಂಬಿವಲಿಯಿಂದ ಹೊರಟ ಬೆಳಗಿನ ಫಾಸ್ಟ್ ಲೋಕಲ್. ಠಾಣೆ ದಾಟಿದ ಮೇಲೆ ಘಾಟ್‌ಕೋಪರ್‌ವರೆಗೆ ಆ ಗಾಡಿಗೆ ನಿಲುಗಡೆಯಿಲ್ಲ. ಮುಲುಂಡ್ ಹಿಂದೆ ಸರಿಯುತ್ತಿದ್ದಂತೆ ಎದೆ ದಡದಡ ಬಡಿಯತೊಡಗಿತು. ಬೆರಳ ತುದಿಗಳು ಜುಮ್ಮೆಂದವು. ಉಸಿರು ಸಾಲದು, ಇದೇ ಕೊನೆ ಎನ್ನಿಸಿತು. ಅಷ್ಟು ಜನರ ನಡುವೆ ಬೀಳುವುದಕ್ಕೂ ಜಾಗವಿರಲಿಲ್ಲ. ಘಾಟ್‌ಕೋಪರ್‌ನಲ್ಲಿ ಇಳಿದು ಬೆಂಚಿನ ಮೇಲೆ ಕುಳಿತೆವು. ಅರ್ಧ ಗಂಟೆಯಲ್ಲಿ ಎಲ್ಲವೂ ತಣ್ಣಗಾಯಿತು. ಮಾರನೆಯ ದಿನ ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಆಯಿತು; ಎಲ್ಲವೂ ಸರಿಯಾಗಿತ್ತು. ವರದಿಯನ್ನು ನೋಡಿದ ವೈದ್ಯರು ತಲೆಯೆತ್ತದೆ ಹೇಳಿದರು: ‘ನಥಿಂಗ್. ಟೆನ್ಷನ್ ಅಷ್ಟೆ. ಮೆಡಿಟೇಷನ್ ಮಾಡಿ.’

ಮಾತು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಹಸಿದವನಿಗೆ ‘ಅಡುಗೆ ಮಾಡಿಕೊಳ್ಳಿ’ ಎಂದಷ್ಟೇ ಹೇಳಿದಂತಿತ್ತು ಅದು. ಯಾವ ಧ್ಯಾನ, ಎಷ್ಟು ಹೊತ್ತು, ಯಾರ ಬಳಿ, ಮಾಡುವಾಗ ಏನಾದರೆ ಏನು ಮಾಡಬೇಕು? ಈ ಪ್ರಶ್ನೆಗಳೊಂದಕ್ಕೂ ಎಡೆಯಿರಲಿಲ್ಲ. ನಮ್ಮ ಸಮಾಜದಲ್ಲಿ ಧ್ಯಾನ ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಯಾರೂ ಅದನ್ನು ವಿವರಿಸುವುದಿಲ್ಲ.

ಮನೆಗೆ ಬಂದು ಚಾಪೆ ಹಾಸಿ ಕಣ್ಣು ಮುಚ್ಚಿದೆವು. ಫೋನಿನಲ್ಲಿದ್ದ ಒಂದು ಮಧುರ ಧ್ವನಿ ಇಂಗ್ಲಿಷಿನಲ್ಲಿ, ನಿಮ್ಮ ಎದೆಯ ಕಡೆಗೆ ಗಮನ ಹರಿಸಿ ಎಂದಿತು. ಹರಿಸಿದೆವು. ಎದೆ ಬಡಿಯುತ್ತಿತ್ತು. ಗಮನ ಹರಿಸಿದಷ್ಟೂ ಜೋರಾಗಿ ಬಡಿಯಿತು. ನಾಲ್ಕನೆಯ ನಿಮಿಷಕ್ಕೆ ಎದ್ದು ಬಾಲ್ಕನಿಗೆ ಓಡಿದೆವು. ಮರುದಿನವೂ ಅದೇ. ವಾರ ಕಳೆಯುವಷ್ಟರಲ್ಲಿ ಲೋಕಲ್ ಗಾಡಿಯ ಭಯದ ಜೊತೆಗೆ ಚಾಪೆಯ ಭಯವೂ ಸೇರಿತು. ಎಂ.ಎ. ಓದುವಾಗ ಆಡೆನ್ ಕವಿಯ ‘ದಿ ಏಜ್ ಆಫ್ ಆಂಗ್ಸೈಟಿ’ ಕುರಿತು ಎರಡು ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದಿದ್ದೆವು. ಆ ಪದದ ಅರ್ಥ ಆಗ ನಮಗೆ ತಿಳಿದೇ ಇರಲಿಲ್ಲವೆಂದು ಈಗ ಒಪ್ಪಿಕೊಳ್ಳಬಹುದು.

ಈ ನಡುವೆ ಫಾಸ್ಟ್ ಲೋಕಲ್ ಬಿಟ್ಟು ಸ್ಲೋ ಲೋಕಲ್ ಹಿಡಿಯತೊಡಗಿದ್ದೆವು. ಪ್ರತಿ ಮೂರು ನಾಲ್ಕು ನಿಮಿಷಕ್ಕೊಮ್ಮೆ ನಿಲ್ದಾಣ. ಬೇಕೆಂದಾಗ ಇಳಿಯಬಹುದೆಂಬ ಸಮಾಧಾನ. ಮನೆಯಿಂದ ಅರ್ಧ ಗಂಟೆ ಮೊದಲೇ ಹೊರಡುವುದಕ್ಕೆ ಮನೆಯವರಿಗೆ ‘ಗದ್ದಲ ಕಡಿಮೆ’ ಎಂಬ ಸುಳ್ಳು ಕಾರಣ. ಆತಂಕದ ಕುಟಿಲತೆ ಇರುವುದು ಇಲ್ಲಿಯೇ. ಯಾವುದಕ್ಕೆ ಹೆದರುತ್ತೇವೆಯೋ ಅದನ್ನು ತಪ್ಪಿಸಿಕೊಂಡಾಗಲೆಲ್ಲ ಒಂದು ನೆಮ್ಮದಿ ಸಿಗುತ್ತದೆ. ‘ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ’ ಎಂಬ ಪಾಠವನ್ನು ಆ ನೆಮ್ಮದಿ ಮನಸ್ಸಿಗೆ ಕಲಿಸುತ್ತದೆ. ಹೀಗೆ ಭಯ ಪ್ರತಿದಿನ ಸಂಬಳ ಪಡೆದು ಕೊಬ್ಬುತ್ತದೆ. ಮೊದಲು ಫಾಸ್ಟ್ ಲೋಕಲ್, ಆಮೇಲೆ ಲಿಫ್ಟ್, ಆಮೇಲೆ ಸಭೆಗಳಲ್ಲಿ ಬಾಗಿಲಿನಿಂದ ದೂರದ ಕುರ್ಚಿ.

ನಮ್ಮ ಧ್ಯಾನವೂ ತಪ್ಪಿಸಿಕೊಳ್ಳುವ ಇನ್ನೊಂದು ಸ್ಲೋ ಲೋಕಲ್ ಆಗಿತ್ತು ಎಂಬುದು ಆಗ ಹೊಳೆಯಲಿಲ್ಲ. ನಾವು ಕುಳಿತದ್ದು ಗಮನಿಸುವುದಕ್ಕಲ್ಲ, ಓಡಿಸುವುದಕ್ಕೆ. ‘ಹೋಯಿತೇ? ಈಗ ಹೋಯಿತೇ?’ ಎಂದು ನಿಮಿಷಕ್ಕೊಮ್ಮೆ ಒಳಗೆ ಇಣುಕಿ ನೋಡುವುದನ್ನೇ ಧ್ಯಾನವೆಂದು ಭಾವಿಸಿದ್ದೆವು. ಹಾಲು ಉಕ್ಕುತ್ತದೆಯೋ ಎಂದು ಪಾತ್ರೆಯ ಮೇಲೆ ಬಾಗಿ ನಿಂತವರಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು?

ಇಲ್ಲಿ ನಮ್ಮಂಥ ನೌಕರವರ್ಗಕ್ಕೆ ಪ್ರಿಯವಾಗಬಹುದಾದ ಒಂದು ಚರಿತ್ರೆಯನ್ನು ನೆನೆಯಬೇಕು. ಇಂದು ಇಗತ್‌ಪುರಿಯ ಧಮ್ಮಗಿರಿಯಲ್ಲಿ, ಗೋರಾಯಿಯ ಪಗೋಡಾದಲ್ಲಿ ಕಾಣುವ ವಿಪಶ್ಯನ ಪರಂಪರೆ ಭಾರತಕ್ಕೆ ಮರಳಿ ಬಂದದ್ದು ಬರ್ಮಾದ ಒಬ್ಬ ಸರ್ಕಾರಿ ಅಧಿಕಾರಿಯಿಂದ. ಊ ಬಾ ಖಿನ್ ಸಂನ್ಯಾಸಿಯಲ್ಲ. ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್. ಕಡತಗಳ ನಡುವೆಯೇ ಇದ್ದುಕೊಂಡು ಕಚೇರಿಯ ಸಿಬ್ಬಂದಿಗೆ ಧ್ಯಾನ ಕಲಿಸಿದವರು. 1952ರಲ್ಲಿ ರಂಗೂನಿನಲ್ಲಿ ಕೇಂದ್ರ ತೆರೆದವರು. ಲೆಕ್ಕಪತ್ರ ಇಲಾಖೆಯಿಂದ ಲೋಕಕ್ಕೆ ಆಕ್ಷೇಪಣೆಗಳಲ್ಲದೆ ಬೇರೇನೂ ಬಂದಿಲ್ಲ ಎನ್ನುವವರಿಗೆ ಇದು ಉತ್ತರ.

ಅವರ ಬಳಿಗೆ 1955ರಲ್ಲಿ ಮಂಡಾಲೆಯಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದ ವ್ಯಾಪಾರಿಯೊಬ್ಬರು ಬಂದರು: ಸತ್ಯನಾರಾಯಣ ಗೋಯೆಂಕಾ. ತೀವ್ರವಾದ ಅರೆತಲೆನೋವು, ಅದಕ್ಕೆ ಮಾರ್ಫಿನ್ ಚುಚ್ಚುಮದ್ದು, ಚುಚ್ಚುಮದ್ದಿನ ಚಟ ಹತ್ತೀತೆಂಬ ಭಯ. ವಿದೇಶದ ವೈದ್ಯರನ್ನೂ ಕಂಡು ಬರಿಗೈಯಲ್ಲಿ ಮರಳಿದ್ದರು. ಆದರೆ ತಲೆನೋವಿಗಾಗಿ ಬರುವುದಾದರೆ ಬರಬೇಡಿ ಎಂದು ಊ ಬಾ ಖಿನ್ ಮೊದಲು ನಿರಾಕರಿಸಿದರೆಂಬುದನ್ನು ಗೋಯೆಂಕಾ ಅವರೇ ಜೀವನವಿಡೀ ಹೇಳಿಕೊಂಡು ಬಂದರು. ಧ್ಯಾನ ತಲೆನೋವಿನ ಮದ್ದಲ್ಲ, ಕಲಿಯುವುದು ಬೇರೆಯದಕ್ಕೆ, ನೋವು ಹೋದರೆ ಹೋದೀತು, ಅದು ಉಪಫಲ. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಮೊದಲ ಶಿಬಿರ ನಡೆಸಿದ್ದು ನಮ್ಮ ಈ ಮುಂಬಯಿಯಲ್ಲೇ.

ಆ ಒಂದು ನಿರಾಕರಣೆಯಲ್ಲಿ, ನಮಗೆ ವೈದ್ಯರು ಹೇಳದೆ ಬಿಟ್ಟ ಮಾತು ಇದೆಯೆಂದು ನಾವು ಭಾವಿಸುತ್ತೇವೆ. ಆತಂಕವನ್ನು ಹೊರದೂಡುವ ಉಪಕರಣವಾಗಿ ಧ್ಯಾನವನ್ನು ಬಳಸುವವರೆಗೆ ಅದು ಆತಂಕದ ಆಳಾಗಿಯೇ ದುಡಿಯುತ್ತದೆ. ಎದೆ ಬಡಿಯುತ್ತಿದೆ, ಬಡಿಯಲಿ, ಬಡಿಯುವುದರ ಜೊತೆಗೆ ಗಾಡಿಯ ಸದ್ದೂ ಇದೆ, ಪಕ್ಕದವರ ಡಬ್ಬಿಯ ಉಪ್ಪಿನಕಾಯಿಯ ವಾಸನೆಯೂ ಇದೆ ಎಂದು ಗುರುತಿಸಬಲ್ಲ ಸ್ಥಿತಿಗೆ ಅದು ಒಯ್ದರೆ ಅಷ್ಟೇ ಸಾಕು. ಶಾಂತಿ ಎಂಬ ದೊಡ್ಡ ಪದವನ್ನು ಇದಕ್ಕೆ ಅಂಟಿಸಬೇಕಾಗಿಲ್ಲ.

ಹಾಗಾದರೆ ಧ್ಯಾನದಿಂದ ಆತಂಕದ ರೋಗಿಗೆ ಉಪಯೋಗವಿದೆಯೇ? ಇದೆ, ಮತ್ತು ಆ ಬಗ್ಗೆ ಈಗ ಭಕ್ತಿಯ ಮಾತಿಗಿಂತ ಗಟ್ಟಿಯಾದ ಸಾಕ್ಷ್ಯವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್ ಜಿನ್ 1979ರಲ್ಲಿ ಎಂಟು ವಾರಗಳ ಒಂದು ಕ್ರಮವನ್ನು ರೂಪಿಸಿದರು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆತಂಕ ರೋಗವೆಂದು ನಿರ್ಣಯವಾಗಿದ್ದ 276 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಕ್ರಮವನ್ನೂ ಇನ್ನೊಂದಕ್ಕೆ ಎಸ್ಸಿಟಲೊಪ್ರಾಮ್ ಎಂಬ ಬಹುಬಳಕೆಯ ಮಾತ್ರೆಯನ್ನೂ ಕೊಟ್ಟರು. ಎಂಟು ವಾರಗಳ ಕೊನೆಗೆ ಎರಡೂ ಗುಂಪುಗಳಲ್ಲಿ ರೋಗದ ತೀವ್ರತೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಧ್ಯಾನ ಮಾತ್ರೆಗಿಂತ ಹಿಂದೆ ಬೀಳಲಿಲ್ಲ.

ಈ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ‘ಮಾತ್ರೆ ಬೇಡ, ಧ್ಯಾನ ಸಾಕು’ ಎಂದು ತಿರುಚಿಕೊಂಡು ಹರಿದಾಡಿದ್ದನ್ನು ನೋಡಿದ್ದೇವೆ. ತಿರುಚಿದವರು ಅಧ್ಯಯನದ ಷರತ್ತುಗಳನ್ನು ಓದಿರಲಾರರು. ಆ ಗುಂಪಿನವರಿಗೆ ವಾರಕ್ಕೊಮ್ಮೆ ಎರಡೂವರೆ ಗಂಟೆ ತರಬೇತಾದ ಶಿಕ್ಷಕರ ಎದುರು ಪಾಠ, ನಡುವೆ ಒಂದು ಇಡೀ ದಿನದ ತರಗತಿ, ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ. ಇದು ಔಷಧಿಯಷ್ಟೇ ಕಟ್ಟುನಿಟ್ಟಾದ ಪ್ರಮಾಣ. ಫೋನಿನ ಐದು ನಿಮಿಷದ ಮಧುರ ಧ್ವನಿಗೂ ಇದಕ್ಕೂ ಹೋಲಿಕೆಯಿಲ್ಲ. ಇನ್ನು, ಮಾತ್ರೆಯ ಗುಂಪಿನವರಿಗೂ ಅಷ್ಟೇ ಉಪಕಾರವಾಗಿತ್ತೆಂಬ ಅರ್ಧವನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಇದಕ್ಕೂ ಮೊದಲು, 2014ರಲ್ಲಿ, 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವಿಮರ್ಶೆ ಆತಂಕದ ಮೇಲೆ ಧ್ಯಾನದ ಪರಿಣಾಮವನ್ನು ಕಂಡಿತ್ತು. ಅದೂ ಸಾಧಾರಣ ಪ್ರಮಾಣದಲ್ಲಿ. ಸಾಧಾರಣ ಎಂಬ ಪದವನ್ನು ನಾವು ತಾತ್ಸಾರದಿಂದ ಬಳಸುತ್ತಿಲ್ಲ. ಆತಂಕದಲ್ಲಿ ಬದುಕಿದವರಿಗೆ ಸಾಧಾರಣ ಉಪಶಮನವೂ ಸಣ್ಣದಲ್ಲ.

ಕೆಲವರಿಗೆ ಕಣ್ಣು ಮುಚ್ಚಿ ಒಳಗೆ ನೋಡುವುದರಿಂದಲೇ ಗಾಬರಿ ಹೆಚ್ಚುತ್ತದೆ. ಇದು ನಮ್ಮೊಬ್ಬರ ದೌರ್ಬಲ್ಯವಲ್ಲ, ಮನೋವೈದ್ಯರು ದಶಕಗಳಿಂದ ಬಲ್ಲ ಸಂಗತಿ. ಹತ್ತು ದಿನದ ವಿಪಶ್ಯನ ಶಿಬಿರದ ನಿಯಮಾವಳಿಯೇ, ಇದು ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ, ತೀವ್ರ ಮಾನಸಿಕ ತೊಂದರೆಯುಳ್ಳವರಿಗೆ ತಕ್ಕುದಲ್ಲ ಎಂದು ಎಚ್ಚರಿಸುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು ದಿನಕ್ಕೆ ಹತ್ತು ಗಂಟೆ ಮೌನದಲ್ಲಿ ಕುಳಿತುಕೊಳ್ಳುವುದು ಎಲ್ಲರ ನರಮಂಡಲಕ್ಕೂ ಒಗ್ಗುವ ಸಂಗತಿಯಲ್ಲ. ಕಲಿಸುವವರೇ ಇಷ್ಟು ಪ್ರಾಮಾಣಿಕವಾಗಿ ಹೇಳುವಾಗ, ಎಂದೂ ಕುಳಿತಿರದ ಬಂಧುಬಳಗದವರಿಗೆ ಮಾತ್ರ ಸಂದೇಹವೇ ಇರುವುದಿಲ್ಲ.

ಇದನ್ನೆಲ್ಲ ಬರೆಯಲು ಪ್ರೇರಣೆ ನಮ್ಮ ಕೂಟದ ಹಿರಿಯರೊಬ್ಬರು. ಕುಂದಾಪುರದ ಕಡೆಯವರು, ಹದಿನೇಳನೆಯ ವಯಸ್ಸಿನಲ್ಲಿ ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಲೆಕ್ಕಪತ್ರದ ಕೆಲಸದಲ್ಲಿ ನೆಲೆನಿಂತವರು. ಆತಂಕಕ್ಕೆ ವೈದ್ಯರು ಕೊಟ್ಟ ಮಾತ್ರೆ ಅವರಿಗೆ ಹಿಡಿಸಿತ್ತು, ನಿದ್ದೆ ಬರುತ್ತಿತ್ತು. ಸಂಬಂಧಿಕರೊಬ್ಬರು ‘ಮಾತ್ರೆಯೆಲ್ಲ ಅಭ್ಯಾಸವಾಗಿಬಿಡುತ್ತದೆ, ಧ್ಯಾನ ಮಾಡಿದರೆ ತಾನೇ ಹೋಗುತ್ತದೆ’ ಎಂದರು. ಇವರು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಸಂಜೆ ಕುಳಿತರು. ಇಂಥ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಬಾರದು. ತಲೆಸುತ್ತು, ನಿದ್ರಾಹೀನತೆ, ಹಳೆಯ ಭಯದ ಮರುಕಳಿಕೆ, ಎಲ್ಲವೂ ಬರಬಹುದು. ಬಂದವು. ಎರಡು ತಿಂಗಳು ಕೂಟಕ್ಕೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಮನೆಗೆ ಹೋದಾಗ ಅವರು ಹೇಳಿದ ಮಾತು ಇದು: ‘ಧ್ಯಾನವೂ ನನ್ನ ಹತ್ತಿರ ಆಗಲಿಲ್ಲ ಮಾರಾಯ್ರೆ.’

ಕಾಯಿಲೆಗಿಂತ ಈ ವಾಕ್ಯ ನಮ್ಮನ್ನು ಕಲಕಿತು. ಮಾತ್ರೆ ಫಲಿಸದಿದ್ದರೆ ಯಾರೂ ‘ಮಾತ್ರೆ ನನ್ನ ಹತ್ತಿರ ಆಗಲಿಲ್ಲ’ ಎನ್ನುವುದಿಲ್ಲ. ವೈದ್ಯರನ್ನು ಬದಲಿಸುತ್ತಾರೆ, ಇಲ್ಲವೇ ಮಾತ್ರೆಯನ್ನು. ಧ್ಯಾನ ಫಲಿಸದಿದ್ದರೆ ಮಾತ್ರ ತಪ್ಪು ಕುಳಿತವನದು. ಅವನಲ್ಲಿ ಶ್ರದ್ಧೆ ಸಾಲದು, ಮನಸ್ಸು ಚಂಚಲ, ಸಂಸ್ಕಾರ ಸಾಲದು. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆಂದು ದೂರಿದಾಗ ಕೃಷ್ಣ ಅವನನ್ನು ಗದರುವುದಿಲ್ಲ. ನಿನ್ನ ಮಾತು ನಿಜವೆಂದು ಮೊದಲು ಒಪ್ಪಿಕೊಂಡು, ಆಮೇಲೆ ಅಭ್ಯಾಸದ ಮಾತೆತ್ತುತ್ತಾನೆ. ಪಾರಾಯಣ ಮಾಡುವ ನಾವು ಈ ಸೌಜನ್ಯವನ್ನು ಏಕೆ ಕಲಿಯಲಿಲ್ಲ?

ನಿಮ್ಹಾನ್ಸ್ ಸಂಸ್ಥೆ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯ ಬಗೆಯನ್ನನುಸರಿಸಿ, ಚಿಕಿತ್ಸೆ ಬೇಕಾದ ನೂರು ಜನರಲ್ಲಿ 70ರಿಂದ 92 ಮಂದಿಗೆ ಅದು ದೊರೆಯುತ್ತಿಲ್ಲ. ಚಿಕಿತ್ಸೆಯ ಬಾಗಿಲಿಗೆ ಬಂದವರೇ ಇಷ್ಟು ಕಡಿಮೆಯಿರುವಾಗ, ‘ಧ್ಯಾನ ಸಾಕು’ ಎಂದು ಅವರನ್ನು ಅಲ್ಲಿಂದಲೂ ಹಿಂದಿರುಗಿಸುವುದು ಸಣ್ಣ ಅಪರಾಧವಲ್ಲ. ನಮ್ಮ ಕಚೇರಿಯಲ್ಲಿಯೂ ಪ್ರತಿ ಜೂನ್ 21ರಂದು ಚಾಪೆಗಳು ಹರಡುತ್ತವೆ, ಫೋಟೋ ತೆಗೆಯಲಾಗುತ್ತದೆ, ಜೂನ್ 22ರಂದು ಕಡತಗಳು ಮತ್ತೆ ಎಂದಿನಂತೆ. ನಡತೆ ನಿಯಮಾವಳಿ, 1964ರ ವ್ಯಾಪ್ತಿಯಲ್ಲಿ ಬದುಕುವವರು ಇದಕ್ಕಿಂತ ಹೆಚ್ಚು ಹೇಳುವುದು ಉಚಿತವಲ್ಲ.

ನಮಗೆ ಸಹಾಯವಾದದ್ದೇನು? ಮೊದಲನೆಯದಾಗಿ, ಬೇರೆ ವೈದ್ಯರು: ಕೇಳಿಸಿಕೊಳ್ಳುವ ಮನೋವೈದ್ಯೆ. ಅವರು ಸಣ್ಣ ಪ್ರಮಾಣದ ಮಾತ್ರೆ ಕೊಟ್ಟರು. ಒಂದೂವರೆ ವರ್ಷದ ಮೇಲೆ ಅವರೇ ಮೆಲ್ಲನೆ ಇಳಿಸಿದರು. ಅವರ ಬಳಿಯ ಆಪ್ತಸಮಾಲೋಚಕರು ಕಲಿಸಿದ ಧ್ಯಾನದಲ್ಲಿ ಕಣ್ಣು ಮುಚ್ಚುವುದೇ ಇರಲಿಲ್ಲ. ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸುವುದು. ಹೊರಗಿನ ಸದ್ದುಗಳನ್ನು ಒಂದೊಂದಾಗಿ ಗುರುತಿಸುವುದು. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದು. ಉಸಿರು ಹೊರಹೋಗುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ಶರೀರಧರ್ಮ. ಗಾಬರಿಯಲ್ಲಿ ನಾವು ಮಾಡುವುದು ಇದರ ವಿರುದ್ಧ: ಉಸಿರು ಸಾಲದೆಂದು ಗಬಗಬನೆ ಎಳೆದುಕೊಳ್ಳುತ್ತೇವೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಅದನ್ನು ಕಂಡು ಇನ್ನಷ್ಟು ಗಾಬರಿ. ಮುಲುಂಡಿನ ಬಳಿ ಬೆರಳುಗಳು ಜುಮ್ಮೆಂದದ್ದು ಸಾವಿನ ಸೂಚನೆಯಲ್ಲ, ಅತಿಯಾಗಿ ಉಸಿರಾಡಿದ್ದರ ಲೆಕ್ಕ ಎಂದು ತಿಳಿದ ದಿನವೇ ಅರ್ಧ ಭಾರ ಇಳಿಯಿತು.

ಇನ್ನೊಂದು ಅಭ್ಯಾಸ, ಬಂದ ಭಾವಕ್ಕೆ ಹೆಸರಿಡುವುದು. ಸಮಾಲೋಚಕರು ಇಂಗ್ಲಿಷಿನಲ್ಲಿ ಹೆಸರಿಡಲು ಹೇಳಿದಾಗ ನಮ್ಮಲ್ಲಿದ್ದದ್ದು ಒಂದೇ ಪದ: ಟೆನ್ಷನ್. ಅದು ಪರೀಕ್ಷೆಗೂ ಸಲ್ಲುತ್ತದೆ, ಟ್ರಾಫಿಕ್ಕಿಗೂ ಸಲ್ಲುತ್ತದೆ. ಕನ್ನಡದಲ್ಲಿ ಯತ್ನಿಸಿದಾಗ ಪೆಟ್ಟಿಗೆಯೇ ತೆರೆಯಿತು. ದಿಗಿಲು ಬೇರೆ, ಕಳವಳ ಬೇರೆ. ಅಳುಕು ಜನರೆದುರು, ತಳಮಳ ಸುದ್ದಿಗಾಗಿ ಕಾಯುವಾಗ, ಗಾಬರಿ ಗಾಡಿಯಲ್ಲಿ, ಊರಿನಿಂದ ಅಮ್ಮನ ಫೋನು ಅವೇಳೆಯಲ್ಲಿ ಬಂದಾಗ ಎದೆ ಧಸಕ್ಕೆನ್ನುವುದೇ ಬೇರೆ. ‘ಇದು ದಿಗಿಲು’ ಎಂದು ಮನಸ್ಸಿನಲ್ಲಿ ಹೇಳಿಕೊಂಡಾಗ ದಿಗಿಲಿಗೂ ನಮಗೂ ನಡುವೆ ಒಂದು ಗೇಣಿನ ಅಂತರವಾದರೂ ಏರ್ಪಡುತ್ತದೆ. ಹೊರನಾಡಿನಲ್ಲಿ ಮೂವತ್ತು ವರ್ಷ ಕಳೆದವರಿಗೂ ಭಯ ಬರುವುದು ಮೊದಲ ನುಡಿಯಲ್ಲಿಯೇ ಎಂದು ನಮ್ಮ ಅನಿಸಿಕೆ. ಆದ್ದರಿಂದಲೇ, ಮಕ್ಕಳು ಇಂಗ್ಲಿಷಿನಲ್ಲಿ ಕನಸು ಕಾಣುವ ಮನೆಗಳಲ್ಲಿಯೂ, ಅಜ್ಜಿಯ ಕಾಲದ ಈ ನಾಲ್ಕಾರು ಪದಗಳನ್ನು ಕಲಿಸಿಡಬೇಕೆಂಬುದು ಸಾಹಿತ್ಯದ ಸಲುವಾಗಿ ಹೇಳುವ ಮಾತಲ್ಲ. ಭಾರತ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವೂ ಸೇರಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಕೊನೆಯ ಪಾಠ ಗಾಡಿಯಲ್ಲೇ ಆಗಬೇಕಾಗಿತ್ತು. ಒಂದು ಭಾನುವಾರ, ಜನ ಕಡಿಮೆಯಿದ್ದಾಗ, ಮನೆಯವರೊಡನೆ ಫಾಸ್ಟ್ ಲೋಕಲ್ ಹತ್ತಿದೆವು. ಠಾಣೆ ದಾಟುತ್ತಲೇ ಎದೆ ಬಡಿಯತೊಡಗಿತು. ಪಾದ ನೆಲದ ಮೇಲಿದೆ, ಹಿಡಿಕೆ ತಣ್ಣಗಿದೆ, ಇದು ಗಾಬರಿ, ನಾಹೂರ್ ಹೋಯಿತು, ಭಾಂಡುಪ್ ಹೋಯಿತು, ಕಾಂಜೂರ್‌ಮಾರ್ಗ್ ಹೋಯಿತು. ಗಾಬರಿ ಹೋಗಲಿಲ್ಲ. ವಿಕ್ರೋಲಿಯ ಹೊತ್ತಿಗೆ ಅದು ತುಸು ಬೇಸರಗೊಂಡಂತೆ ತೋರಿತು. ಘಾಟ್‌ಕೋಪರ್‌ನಲ್ಲಿ ಇಳಿಯಲಿಲ್ಲ. ಈಗಲೂ ಕೆಲವು ಬೆಳಿಗ್ಗೆ ಅದು ಜೊತೆಗೆ ಹತ್ತುತ್ತದೆ. ಪಾಸ್ ಇರುವ ಪ್ರಯಾಣಿಕನಂತೆ.

ಕುಂದಾಪುರದ ಹಿರಿಯರು ಮತ್ತೆ ವೈದ್ಯರ ಬಳಿ ಹೋಗಿ ಮಾತ್ರೆ ಆರಂಭಿಸಿದ್ದಾರೆ. ಕೂಟಕ್ಕೂ ಬರುತ್ತಿದ್ದಾರೆ. ಓದಿಗೆ ಮೊದಲು ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕುಳಿತುಕೊಳ್ಳುವ ಪರಿಪಾಠವನ್ನು ಈಚೆಗೆ ಇಟ್ಟುಕೊಂಡಿದ್ದೇವೆ. ಕಣ್ಣು ಮುಚ್ಚುವುದೂ ಬಿಡುವುದೂ ಅವರವರ ಇಷ್ಟ. ಕಳೆದ ಸಲ ಆರನೆಯ ನಿಮಿಷಕ್ಕೆ ಅವರು ಎದ್ದು ಒಳಗೆ ಹೋದರು. ಯಾರೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಶುಂಠಿ ಜಜ್ಜುವ ಸದ್ದು ಕೇಳಿಸಿತು.